ಸ್ಕಿನ್ನರನ ಅಮ್ಮನ ಹೆಸರೇನು?

ದಿಲ್ಲಿಯ ಕಾಶ್ಮೀರಿ ಗೇಟ್ ಕಡೆ ಓಡಾಡಿದವರು ಸೇಂಟ್ ಜೇಮ್ಸ್ ಚರ್ಚಿನ ಗುಮ್ಮಟ ನೋಡಿರುತ್ತೀರಿ. 1836ರಲ್ಲಿ ಉದ್ಘಾಟನೆಯಾದ ಈ ಚರ್ಚನ್ನು ಕಟ್ಟಿಸಿದವನು ಕರ್ನಲ್ ಜೇಮ್ಸ್ ಸ್ಕಿನ್ನರ್. ಅವನ ಸಮಾಧಿಯೂ ಅಲ್ಲೇ ಒಳಗಿದೆ. ಅವನು 1803ರಲ್ಲಿ ಕಟ್ಟಿದ ಕುದುರೆ ಪಡೆ 'ಸ್ಕಿನ್ನರ್ಸ್ ಹಾರ್ಸ್' ಈಗಲೂ ನಮ್ಮ ಸೇನೆಯಲ್ಲಿದೆ. ಕುದುರೆ ಹೋಗಿ ಟ್ಯಾಂಕ್ ಬಂದಿದೆ ಅಷ್ಟೆ.

ನನಗೆ ಕುತೂಹಲ ಇರುವುದು ಅವನ ತಾಯಿಯ ಬಗ್ಗೆ.

ತಂದೆ ಹರ್ಕ್ಯುಲಿಸ್ ಸ್ಕಿನ್ನರ್, ಸ್ಕಾಟ್ಲೆಂಡಿನವನು, ಕಂಪನಿ ಸೇನೆಯ ಅಧಿಕಾರಿ. ತಾಯಿ? 1851ರಲ್ಲಿ ಅಚ್ಚಾದ ಮಗನ ಆತ್ಮಕಥೆ ಹೇಳುವುದಿಷ್ಟು: ಭೋಜಪುರ ಸೀಮೆಯ ಜಮೀನ್ದಾರನ ಮಗಳು, ರಜಪೂತರ ಹುಡುಗಿ. ಕಾಶಿಯ ರಾಜ ಚೇತ್ ಸಿಂಗನ ಜೊತೆ ಯುದ್ಧವಾದಾಗ ಹದಿನಾಲ್ಕನೇ ವಯಸ್ಸಿಗೆ ಸೆರೆಸಿಕ್ಕಳು. ಆರು ಮಕ್ಕಳನ್ನು ಹೆತ್ತಳು. ಹೆಣ್ಣುಮಕ್ಕಳನ್ನು ಪರದೆಯಿಂದ ಬಿಡಿಸಿ ಶಾಲೆಗೆ ಕಳಿಸಿದಾಗ ಕುಲದ ಮಾನ ಹೋಯಿತೆಂದು 1790ರಲ್ಲಿ ತಾನೇ ಪ್ರಾಣ ಕಳೆದುಕೊಂಡಳು. ಹೆಸರು ಮಾತ್ರ ಇಲ್ಲ.

ಇದ್ದದ್ದರಲ್ಲೂ ಒಂದು ತೊಡಕಿದೆ ನೋಡಿ. ಚೇತ್ ಸಿಂಗ್ ಕಂಪನಿಯ ಮೇಲೆ ತಿರುಗಿಬಿದ್ದದ್ದು 1781ರಲ್ಲಿ. ಜೇಮ್ಸ್ ಹುಟ್ಟಿದ್ದು 1778ರಲ್ಲಿ! ಅಂದರೆ ಅವಳು ಸೆರೆಸಿಕ್ಕಿದ್ದು ಬೇರೆ ಯಾವುದೋ ಕಾಳಗದಲ್ಲಿರಬೇಕು. ಮನೆಯ ಕಥೆಗಳು ಹೀಗೆಯೇ ತಾನೆ, ಸಣ್ಣ ಜಗಳವೊಂದು ಎರಡು ತಲೆಮಾರಿನಲ್ಲಿ ಹೆಸರುವಾಸಿ ಯುದ್ಧಕ್ಕೆ ಅಂಟಿಕೊಂಡುಬಿಡುತ್ತದೆ.

ಅವಳ ರಕ್ತಕ್ಕೆ ಮಾತ್ರ ಎಲ್ಲರೂ ಲೆಕ್ಕ ಇಟ್ಟಿದ್ದರು. ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದರೂ ಕಂಪನಿಯಲ್ಲಿ ಅಧಿಕಾರಿಯ ಕೆಲಸವಿಲ್ಲ ಎಂದು 1791ರಲ್ಲಿ ಆಜ್ಞೆಯಾಯಿತು. ಹಾಗಾಗಿ ಜೇಮ್ಸ್ ಮೊದಲು ಸೇರಿದ್ದು ಮರಾಠಾ ಸರದಾರ ಸಿಂಧಿಯಾನ ಸೈನ್ಯಕ್ಕೆ. ಮಗನ ದಾರಿಯನ್ನೇ ತಿರುಗಿಸಿದ ಹೆಂಗಸಿನ ಹೆಸರು ಯಾರಿಗೂ ಬೇಕಾಗಲಿಲ್ಲ.

ಇದೇ ಸ್ಕಿನ್ನರ್ 1825ರಲ್ಲಿ ಹಾಂಸಿಯಲ್ಲಿ 'ತಶ್ರೀಹ್-ಉಲ್-ಅಕ್ವಾಮ್' ಎಂಬ ಫಾರಸಿ ಗ್ರಂಥ ಸಿದ್ಧಪಡಿಸಿದ. ಹಿಂದುಸ್ತಾನದ ಜಾತಿ, ಪಂಗಡ, ಕಸುಬುಗಳ ವಿವರ, ಚಿತ್ರಗಳ ಸಮೇತ. ಊರವರ ಮೂಲವನ್ನೆಲ್ಲ ಬರೆದಿಟ್ಟವನ ತಾಯಿಯ ಮೂಲ ಒಂದೆರಡು ಸಾಲಿಗೆ ಮುಗಿದುಹೋಯಿತು.

ನಾವೇನು ಕಮ್ಮಿ? ತರ್ಪಣ ಬಿಡುವಾಗ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರು ಹೇಳುತ್ತೇವೆ, ಸರಿ. ಗೋತ್ರ ಮಾತ್ರ ಗಂಡನದು. ಹುಟ್ಟಿದ ಮನೆ ಅಲ್ಲೇ ಅಳಿಸಿಹೋಯಿತು. ನಿಮ್ಮ ಮುತ್ತಜ್ಜಿಯ ತವರೂರು ಯಾವುದು, ಗೊತ್ತೇ? ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಕೇಳಿ ಬರೆದಿಡಿ.