ನಾಗಪುರದ ದಕ್ಷಿಣಕ್ಕೊಂದು ಸುಂಕದ ಗಡಿ

ಬ್ರಿಟನ್ 2020ರಲ್ಲಿ ಯುರೋಪಿಯನ್ ಒಕ್ಕೂಟ ಬಿಟ್ಟಾಗ ಎಲ್ಲಕ್ಕಿಂತ ಕಗ್ಗಂಟಾಗಿದ್ದು ಐರ್ಲೆಂಡಿನ ಗಡಿ. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ದಕ್ಷಿಣದ ಐರ್ಲೆಂಡ್ ಒಕ್ಕೂಟದಲ್ಲೇ ಉಳಿದ ದೇಶ. ನಡುವೆ ಮತ್ತೆ ಸುಂಕದ ನಾಕಾ ಎದ್ದರೆ 1998ರ ಶಾಂತಿ ಒಪ್ಪಂದದ ಗತಿ ಏನು ಅಂತ ಎಲ್ಲರಿಗೂ ಆತಂಕವಿತ್ತು. ಇದು ದೂರದ ಊರಿನ ಕಥೆ ಅಂದುಕೊಳ್ಳಬೇಡಿ. ಅಂಥದ್ದೇ ಒಂದು ಗಡಿ ನಮ್ಮ ನೆಲದಲ್ಲೂ ಇತ್ತು. ಅದರ ಒಂದು ಬದಿಗೆ ನಾಗಪುರದ ಆಡಳಿತ, ಇನ್ನೊಂದು ಬದಿಗೆ ನಿಜಾಮರ ಹೈದರಾಬಾದ್.

ಆಗ ನಾಗಪುರ ಮಧ್ಯಪ್ರಾಂತ್ಯ ಮತ್ತು ಬೇರಾರ್‌ನ ರಾಜಧಾನಿ. ಹತ್ತಿ ಬೆಳೆಯುವ ಬೇರಾರ್ ಸೀಮೆ ಮೂಲತಃ ನಿಜಾಮರದ್ದು. ಸೈನ್ಯದ ಖರ್ಚಿನ ಸಾಲದ ಲೆಕ್ಕದಲ್ಲಿ ಬ್ರಿಟಿಷರು 1853ರಲ್ಲಿ ಅದನ್ನು ತಮ್ಮ ಕೈಗೆ ತೆಗೆದುಕೊಂಡರು. 1902ರಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಕಾಯಂ ಗುತ್ತಿಗೆ ಬರೆಸಿಕೊಂಡು, ಮರುವರ್ಷ ಮಧ್ಯಪ್ರಾಂತ್ಯಕ್ಕೆ ಸೇರಿಸಿದರು. ಅಂದರೆ ಹೆಸರಿನ ಒಡೆತನ ಹೈದರಾಬಾದಿನದು, ದರಬಾರು ನಾಗಪುರದ್ದು!

ಹೈದರಾಬಾದಿಗೆ ತನ್ನದೇ ಸುಂಕ ಇಲಾಖೆಯಿತ್ತು. ಉರ್ದುವಿನಲ್ಲಿ ಅದನ್ನು ಕರೋಡಗಿರಿ ಅಂತಿದ್ದರು. ರಾಜ್ಯಕ್ಕೆ ತನ್ನದೇ ನಾಣ್ಯವೂ ಇತ್ತು. ಏಳು ಹಾಲಿ ಸಿಕ್ಕಾ ಕೊಟ್ಟರೆ ಆರು ಬ್ರಿಟಿಷ್ ರೂಪಾಯಿ. ಆದರೂ ರೈಲು ನಾಗಪುರದಿಂದ ಬಲ್ಲಾರಷಾ ದಾಟಿ ಕಾಜಿಪೇಟೆಗೆ ಓಡುತ್ತಿತ್ತು. ಎರಡೂ ಕಡೆಯ ಮೇಲೆ ಬ್ರಿಟಿಷರ ಒಂದೇ ಕೊಡೆ ಇದ್ದುದರಿಂದ ವ್ಯಾಪಾರ ನಿಂತಿರಲಿಲ್ಲ.

1947ರಲ್ಲಿ ಆ ಕೊಡೆ ಮಡಚಿತು. ಹೈದರಾಬಾದ್ ಭಾರತಕ್ಕೆ ಸೇರಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಶಾಯಿ ಆರುವ ಮೊದಲೇ ನಿಜಾಮ್ ಸರ್ಕಾರ ಎರಡು ಆಜ್ಞೆ ಹೊರಡಿಸಿತು: ಭಾರತದ ರೂಪಾಯಿ ಇಲ್ಲಿ ನಡೆಯುವುದಿಲ್ಲ, ಚಿನ್ನಬೆಳ್ಳಿ ಭಾರತಕ್ಕೆ ಹೋಗುವಂತಿಲ್ಲ. ಮೇಲಾಗಿ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ. ದಿಲ್ಲಿ ಇದನ್ನು ಒಪ್ಪಂದದ ಉಲ್ಲಂಘನೆ ಅಂದಿತು. ಭಾರತ ದಿಗ್ಬಂಧನ ಹೇರಿದೆ, ಉಪ್ಪು, ಪೆಟ್ರೋಲು, ಔಷಧ ಬರುತ್ತಿಲ್ಲ ಅಂತ ಹೈದರಾಬಾದ್ ದೂರಿತು. ಭಾರತ ಅದನ್ನು ಅಧಿಕೃತವಾಗಿ ಒಪ್ಪಲಿಲ್ಲ. ಹೈದರಾಬಾದಿಗೋ ಸಮುದ್ರವೇ ಇಲ್ಲ, ನಾಲ್ಕೂ ಕಡೆ ಭಾರತ.

ಸಾಮಾನು ನಿಂತ ಗಡಿಯಲ್ಲಿ ಬಂದೂಕು ಬಂತು. ಒಳಗೆ ರಜಾಕಾರರ ಹಾವಳಿ. ಹೊರಗೆ, ನಮ್ಮ ಕಡೆಯ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು. 1948ರ ಸೆಪ್ಟೆಂಬರ್ 13ಕ್ಕೆ ಸೇನೆ ಒಳನುಗ್ಗಿತು, 17ಕ್ಕೆ ನಿಜಾಮರು ಶರಣಾದರು. ಆಮೇಲಿನ ದಿನಗಳಲ್ಲಿ ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳ ಸಾಮಾನ್ಯ ಮುಸ್ಲಿಮರು ತಾವು ಮಾಡದ ರಾಜಕೀಯಕ್ಕೆ ಬೆಲೆ ತೆತ್ತರು. ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಅಂತ ಅಂದಾಜು ಮಾಡಿತು. ರಜಾಕಾರರಿಂದ ನೊಂದ ಹಿಂದೂ ಮನೆಗಳನ್ನೂ ನಾವು ಮರೆಯಬಾರದು. ಒಂದು ನೋವನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಿಲ್ಲ.

ಈಗ ಯೋಚಿಸಿ. ಜಗಳ ಶುರುವಾಗಿದ್ದು ಯಾರು ಯಾರ ಜೊತೆ ಇರಬೇಕು, ಯಾರ ನಾಣ್ಯ ನಡೆಯಬೇಕು ಅಂತ ದೊಡ್ಡವರ ನಡುವೆ. ಅದು ಮುಗಿದಿದ್ದು ಆ ನಾಣ್ಯಕ್ಕೂ ಸುಂಕಕ್ಕೂ ಸಂಬಂಧವೇ ಇಲ್ಲದ ಬಡವರ ಅಂಗಳದಲ್ಲಿ. ಸುಂಕದ ಗಡಿ ಮೊದಲು ಸಾಮಾನನ್ನು ಬೇರೆ ಮಾಡುತ್ತೆ. ಹುಷಾರಾಗದಿದ್ದರೆ 'ಇವರು ಅತ್ತಲವರು' ಅಂತ ಮನುಷ್ಯರನ್ನೂ ಬೇರೆ ಮಾಡುತ್ತೆ. ಐರ್ಲೆಂಡಿನವರು ಅಷ್ಟು ಹೆದರಿದ್ದು ಇದಕ್ಕೇ.

1956ರ ನವೆಂಬರ್ 1ರಂದು ಹೈದರಾಬಾದ್ ಮೂರು ಪಾಲಾಯಿತು. ಕಲಬುರಗಿ, ಬೀದರ್, ರಾಯಚೂರು ನಮ್ಮ ಮೈಸೂರು ರಾಜ್ಯಕ್ಕೆ ಬಂದವು. ಅದೇ ದಿನ ನಾಗಪುರವೂ ರಾಜಧಾನಿಯ ಪಟ್ಟ ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು. ಇಂದು ಲಾರಿಗಳು ಆ ಹಳೆಯ ಗಡಿಯನ್ನು ಗೊತ್ತೇ ಆಗದಂತೆ ದಾಟುತ್ತವೆ. ಮನಸ್ಸುಗಳೂ ಹಾಗೇ ದಾಟುತ್ತಿವೆಯಾ? ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ಆ ವರ್ಷಗಳ ಬಗ್ಗೆ ಒಮ್ಮೆ ಕೇಳಿ ನೋಡಿ.