ದಿರ್ಹಮ್ ನಾಣ್ಯಗಳ ಸಾಕ್ಷ್ಯ

ಸ್ವೀಡನ್ನಿಗೆ ಸೇರಿದ ಗಾಟ್‌ಲ್ಯಾಂಡ್ ದ್ವೀಪದ ಸ್ಪಿಲ್ಲಿಂಗ್ಸ್ ಎಂಬಲ್ಲಿ 1999ರಲ್ಲಿ ಸುಮಾರು 67 ಕಿಲೋಗ್ರಾಂ ಬೆಳ್ಳಿಯ ನಿಧಿ ದೊರೆಯಿತು. ಅದರಲ್ಲಿದ್ದ 14,000ಕ್ಕೂ ಹೆಚ್ಚು ನಾಣ್ಯಗಳಲ್ಲಿ ಬಹುಪಾಲು ಇಸ್ಲಾಮೀ ರಾಜ್ಯಗಳ ದಿರ್ಹಮ್‌ಗಳು. ವೈಕಿಂಗ್ ವರ್ತಕರ ಲೆಕ್ಕಪುಸ್ತಕಗಳಾವುವೂ ನಮಗೆ ಉಳಿದಿಲ್ಲ. ಹೀಗಾಗಿ ಈ ನಾಣ್ಯಗಳೇ ಅವರ ವ್ಯಾಪಾರದ ಮುಖ್ಯ ದಾಖಲೆ.

ಖಲೀಫ ಅಬ್ದ್ ಅಲ್-ಮಲಿಕ್ ಹಿಜರಿ 77ರಲ್ಲಿ (ಕ್ರಿ.ಶ. 696-97) ನಾಣ್ಯ ಸುಧಾರಣೆ ಕೈಗೊಂಡ. ಚಿತ್ರಗಳ ಬದಲು ನಾಣ್ಯದ ಎರಡೂ ಮುಖಗಳಲ್ಲಿ ಅರಬ್ಬೀ ಬರಹ ಬಂತು. ಚಿನ್ನದ ದಿನಾರಿನ ತೂಕ 4.25 ಗ್ರಾಂ, ಸ್ವಲ್ಪ ಅನಂತರ ಬಂದ ಬೆಳ್ಳಿಯ ದಿರ್ಹಮ್ ಸುಮಾರು 2.9 ಗ್ರಾಂ. ದಿರ್ಹಮ್ ಮೇಲೆ ಟಂಕಸಾಲೆಯ ಊರು, ವರ್ಷ ಎರಡೂ ಇರುತ್ತಿದ್ದವು. ಹಿಜರಿ ವರ್ಷಕ್ಕೆ ಸುಮಾರು 354 ದಿನಗಳು. ಆದ್ದರಿಂದ ಅದನ್ನು 0.97ರಿಂದ ಗುಣಿಸಿ 622 ಕೂಡಿದರೆ ಕ್ರಿ.ಶ. ವರ್ಷ ಸರಿಸುಮಾರಾಗಿ ದೊರೆಯುತ್ತದೆ.

ಸ್ಪಿಲ್ಲಿಂಗ್ಸ್ ನಿಧಿಯ ಅತಿ ಹೊಸ ನಾಣ್ಯ ಕ್ರಿ.ಶ. 870-71ರದು. ಎಂದರೆ ನಿಧಿಯನ್ನು ಅದಕ್ಕೆ ಮೊದಲು ಹೂತಿರಲಾರರು. ಎಷ್ಟು ಕಾಲದ ಅನಂತರ ಹೂತರೆಂಬುದನ್ನು ನಾಣ್ಯವೊಂದೇ ಹೇಳಲಾರದು.

ಹತ್ತನೆಯ ಶತಮಾನದ ನಿಧಿಗಳಲ್ಲಿ ಸಾಮಾನಿ ಅರಸರ ಸಮರ್ಖಂಡ್ ಮತ್ತು ಶಾಶ್ (ಇಂದಿನ ತಾಷ್ಕೆಂಟ್ ಪ್ರದೇಶ) ಟಂಕಸಾಲೆಗಳ ನಾಣ್ಯಗಳು ಹೆಚ್ಚು. ಇವು ವೋಲ್ಗಾ ನದಿಯ ಮಾರ್ಗವಾಗಿ ಉತ್ತರಕ್ಕೆ ಸಾಗಿದವು. ತುಪ್ಪುಳು ಚರ್ಮ ಮತ್ತು ಗುಲಾಮರನ್ನು ಕೊಟ್ಟು ವರ್ತಕರು ಬೆಳ್ಳಿ ಪಡೆಯುತ್ತಿದ್ದರು. ಹೊಳೆಯುವ ನಾಣ್ಯಗಳ ಹಿಂದೆ ಸೆರೆಯಾಳುಗಳ ಬದುಕೂ ಇದೆ ಎಂಬುದನ್ನು ಮರೆಯಬಾರದು. ಅನೇಕ ದಿರ್ಹಮ್‌ಗಳು ತುಂಡಾಗಿವೆ. ಕೆಲವುಗಳ ಮೇಲೆ ಚಾಕುವಿನ ಗೀರುಗಳಿವೆ. ಬೆಳ್ಳಿಯನ್ನು ಪರೀಕ್ಷಿಸಿ, ತಕ್ಕಡಿಯಲ್ಲಿ ತೂಗಿ ಬಳಸುತ್ತಿದ್ದರೆಂಬುದು ಇದರಿಂದ ಸ್ಪಷ್ಟ.

ಬರಹ ಮುಗಿದಲ್ಲಿ ಭೌತವಿಜ್ಞಾನ ಆರಂಭವಾಗುತ್ತದೆ. ಎಕ್ಸ್-ಕಿರಣ ಪ್ರತಿದೀಪ್ತಿ ವಿಧಾನದಲ್ಲಿ ಪ್ರತಿ ಧಾತುವೂ ತನ್ನದೇ ಶಕ್ತಿಯ ಕಿರಣಗಳನ್ನು ಹೊರಸೂಸುವುದರಿಂದ, ನಾಣ್ಯಕ್ಕೆ ಹಾನಿಯಾಗದಂತೆ ಅದರ ಸಂಯೋಜನೆ ತಿಳಿಯಬಹುದು. ಆದರೆ ಮಣ್ಣಿನಲ್ಲಿ ಮೇಲ್ಮೈಯ ತಾಮ್ರ ಕರಗಿಹೋಗಿದ್ದರೆ ಬೆಳ್ಳಿಯ ಪ್ರಮಾಣ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಸಾಮಾನಿ ನಾಣ್ಯಗಳಲ್ಲಿ ಹಲವು ವೇಳೆ ಬಿಸ್ಮತ್ ಅಂಶ ಅಧಿಕ. ಬೆಳ್ಳಿಯಲ್ಲಿ ಉಳಿದಿರುವ ಸೀಸದ ಐಸೊಟೋಪುಗಳ ಅನುಪಾತ ಅದಿರಿನ ಮೂಲವನ್ನು ಸೂಚಿಸುತ್ತದೆ. ಕರಗಿಸಿದರೂ ಈ ಅನುಪಾತ ಬದಲಾಗುವುದಿಲ್ಲ. ಹೀಗಾಗಿ ದಿರ್ಹಮ್ ಕರಗಿಸಿ ಮಾಡಿದ ವೈಕಿಂಗ್ ಬಳೆಗಳನ್ನೂ ಗುರುತಿಸಬಹುದು. ಹಲವು ಮೂಲಗಳ ಬೆಳ್ಳಿ ಬೆರೆತಿದ್ದರೆ ಮಾತ್ರ ತೀರ್ಮಾನ ಕಷ್ಟ.

ಅಕ್ಷರ ಟಂಕಸಾಲೆಯನ್ನು, ಲೋಹ ಗಣಿಯನ್ನು, ದೊರೆತ ಸ್ಥಳ ಪಯಣದ ಕೊನೆಯನ್ನು ಹೇಳುತ್ತದೆ. ನಿಧಿಯನ್ನು ಚದುರಿಸಿ ಮಾರಿದರೆ ಮೂರನೆಯ ಸಾಕ್ಷ್ಯ ಅಳಿದುಹೋಗುತ್ತದೆ. ಅದನ್ನು ಯಾವ ಉಪಕರಣವೂ ಮರಳಿ ತರಲಾರದು.