ಬಿದ್ದವರಿಗೆ ಬಾಗಿಲು ತೆರೆದ ಧರ್ಮಸಭೆ



ಪ್ರತಿ ವರ್ಷ ಸೆಪ್ಟೆಂಬರ್ 16ರಂದು ಧರ್ಮಸಭೆಯು ಇಬ್ಬರು ರಕ್ತಸಾಕ್ಷಿಗಳ ಸ್ಮರಣೆಯನ್ನು ಒಟ್ಟಿಗೆ ಆಚರಿಸುತ್ತದೆ. ಒಬ್ಬರು ರೋಮಿನ ಜಗದ್ಗುರು ಸಂತ ಕೊರ್ನೇಲಿಯುಸ್, ಇನ್ನೊಬ್ಬರು ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ಧರ್ಮಾಧ್ಯಕ್ಷ ಸಂತ ಸಿಪ್ರಿಯನ್. ಬಲಿಪೂಜೆಯ ಮೊದಲನೆಯ ಪರಮಪ್ರಸಾದ ಪ್ರಾರ್ಥನೆಯಲ್ಲೂ ಇವರ ಹೆಸರುಗಳು ಒಂದರ ಪಕ್ಕದಲ್ಲಿ ಒಂದು ಬರುತ್ತವೆ. ಸಮುದ್ರದ ಆಚೆ ಈಚೆ ಇದ್ದ ಈ ಇಬ್ಬರನ್ನು ಹತ್ತಿರ ತಂದದ್ದು ಒಂದು ಕಠಿಣ ಪ್ರಶ್ನೆ. ಹಿಂಸೆಗೆ ಹೆದರಿ ಕ್ರಿಸ್ತನನ್ನು ನಿರಾಕರಿಸಿದವನು ಅಳುತ್ತಾ ಮರಳಿ ಬಂದರೆ ಧರ್ಮಸಭೆ ಏನು ಮಾಡಬೇಕು?

ಬೆಳೆದ ಸಭೆ

ಕಾರ್ಥೇಜ್ ಇಂದಿನ ಟುನೀಷಿಯಾ ದೇಶದ ಟುನಿಸ್ ನಗರದ ಸಮೀಪವಿದ್ದ ಪಟ್ಟಣ. ಕ್ರಿ.ಶ. 180ರಲ್ಲಿ ಸ್ಕಿಲ್ಲಿ ಎಂಬ ಊರಿನ ಹನ್ನೆರಡು ಮಂದಿ, 203ರಲ್ಲಿ ಎಳೆಯ ತಾಯಂದಿರಾದ ಪೆರ್ಪೆತುವಾ ಮತ್ತು ಫೆಲಿಸಿತಾ ಅಲ್ಲಿ ರಕ್ತಸಾಕ್ಷಿಗಳಾದರು. ಅವರ ತ್ಯಾಗದಿಂದ ಅಲ್ಲಿನ ಸಭೆ ಕುಗ್ಗಲಿಲ್ಲ. 256ರಲ್ಲಿ ಕಾರ್ಥೇಜಿನಲ್ಲಿ ನಡೆದ ಒಂದು ಸಮಾವೇಶಕ್ಕೆ 87 ಧರ್ಮಾಧ್ಯಕ್ಷರು ಬಂದಿದ್ದರು. ರೋಮಿನ ಸಭೆಯ ಲೆಕ್ಕವನ್ನು ಕೊರ್ನೇಲಿಯುಸ್‌ರವರೇ ಒಂದು ಪತ್ರದಲ್ಲಿ ಕೊಟ್ಟಿದ್ದಾರೆ: 46 ಗುರುಗಳು, 7 ಸೇವಾದರ್ಶಿಗಳು, ಸಭೆಯ ಆಸರೆಯಲ್ಲಿ ಬದುಕುತ್ತಿದ್ದ ವಿಧವೆಯರು ಮತ್ತು ಬಡವರು 1500ಕ್ಕಿಂತ ಹೆಚ್ಚು. ಆಗ ಸಭೆಗೆ ಸರ್ಕಾರದ ಮನ್ನಣೆಯಿರಲಿಲ್ಲ. ಆದರೂ ಹಸಿದವರನ್ನು ಅದು ಮರೆತಿರಲಿಲ್ಲ.

ಆದರೆ ಬೆಳವಣಿಗೆಯ ಜೊತೆಗೆ ದೌರ್ಬಲ್ಯವೂ ಬಂದಿತ್ತು. ದೀರ್ಘಕಾಲದ ನೆಮ್ಮದಿಯಲ್ಲಿ ಅನೇಕರ ವಿಶ್ವಾಸ ಸಡಿಲಗೊಂಡಿತ್ತು. ಕೆಲವು ಧರ್ಮಾಧ್ಯಕ್ಷರೇ ಸಭೆಯನ್ನು ಬಿಟ್ಟು ಹಣ ಸಂಪಾದನೆಗೆ ತಿರುಗಿದ್ದರೆಂದು ಸಿಪ್ರಿಯನ್ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಒಂದು ಚೀಟಿಯ ಪರೀಕ್ಷೆ

249ರಲ್ಲಿ ದೇಸಿಯುಸ್ ರೋಮ್ ಚಕ್ರವರ್ತಿಯಾದ. ಸಾಮ್ರಾಜ್ಯದ ಪ್ರಜೆಗಳು ದೇವತೆಗಳಿಗೆ ಬಲಿ ಅರ್ಪಿಸಿ, ಬಲಿಯ ಮಾಂಸದ ರುಚಿ ನೋಡಿ, ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಅಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಉಳಿದು ನಮ್ಮ ಕಾಲದವರ ಕೈಗೆ ಸಿಕ್ಕಿವೆ. 250ರ ಜನವರಿ 20ರಂದು ಜಗದ್ಗುರು ಫಾಬಿಯಾನ್ ಪ್ರಾಣತೆತ್ತರು. ಒಂದು ವರ್ಷಕ್ಕೂ ಹೆಚ್ಚು ಕಾಲ ರೋಮಿನ ಪೀಠ ಬರಿದಾಗಿತ್ತು.

ಕಾರ್ಥೇಜಿನಲ್ಲಿ ನಡೆದದ್ದು ಇನ್ನೂ ನೋವಿನ ಸಂಗತಿ. ಬಂಧಿಸುವ ಮೊದಲೇ ಜನರು ತಾವಾಗಿಯೇ ಬಲಿಪೀಠದ ಕಡೆಗೆ ಓಡಿದರು. ಹೊತ್ತು ಮುಳುಗುತ್ತಾ ಬಂದದ್ದರಿಂದ ಅಧಿಕಾರಿಗಳು ಕೆಲವರನ್ನು ಮರುದಿನಕ್ಕೆ ಮುಂದೂಡಬೇಕಾಯಿತು. ಕೆಲವರು ಬಲಿ ಅರ್ಪಿಸಿದರು, ಕೆಲವರು ಧೂಪ ಹಾಕಿದರು. ಇನ್ನು ಕೆಲವರು ಬಲಿ ಕೊಡದೆಯೇ ಹಣ ಕೊಟ್ಟು ಚೀಟಿ ಕೊಂಡುಕೊಂಡರು. ಸಿಪ್ರಿಯನ್‌ರವರು ತಲೆಮರೆಸಿಕೊಂಡು ಪತ್ರಗಳ ಮೂಲಕ ಸಭೆಯನ್ನು ನಡೆಸಿದರು. ಕುರುಬನು ಮಂದೆಯನ್ನು ಬಿಟ್ಟು ಓಡಿದನೆಂಬ ಆಕ್ಷೇಪವನ್ನೂ ಅವರು ಸಹಿಸಬೇಕಾಯಿತು.

ಎರಡು ಸುಲಭದ ದಾರಿಗಳು

ಹಿಂಸೆ ತಗ್ಗಿದಾಗ ಬಿದ್ದವರು ಮರಳಿ ಬಂದರು. ಸೆರೆಮನೆಯಲ್ಲಿ ನರಳಿದ್ದ ವಿಶ್ವಾಸಿಗಳು ಕೊಟ್ಟ ಶಿಫಾರಸು ಪತ್ರಗಳನ್ನು ಹಿಡಿದು, ತಮ್ಮನ್ನು ಕೂಡಲೇ ಪರಮಪ್ರಸಾದಕ್ಕೆ ಸೇರಿಸಿಕೊಳ್ಳಬೇಕೆಂದು ಕೆಲವರು ಒತ್ತಾಯಿಸಿದರು. ಕಾರ್ಥೇಜಿನ ಕೆಲವು ಗುರುಗಳು ಇದಕ್ಕೆ ಒಪ್ಪಿದರು. ಇತ್ತ ರೋಮಿನಲ್ಲಿ ನೊವಾಸಿಯನ್ ಎಂಬ ವಿದ್ವಾಂಸ ಗುರು, ಕ್ರಿಸ್ತನನ್ನು ನಿರಾಕರಿಸಿದವರಿಗೆ ಧರ್ಮಸಭೆಯಲ್ಲಿ ಮತ್ತೆ ಸ್ಥಾನವೇ ಇಲ್ಲವೆಂದು ವಾದಿಸಿದ. 251ರಲ್ಲಿ ಕೊರ್ನೇಲಿಯುಸ್ ಜಗದ್ಗುರುವಾಗಿ ಆಯ್ಕೆಯಾದಾಗ, ಅವರಿಗೆ ಎದುರಾಗಿ ತಾನೇ ಧರ್ಮಾಧ್ಯಕ್ಷನಾಗಿ ಸಭೆಯನ್ನು ಒಡೆದ.

ಇವೆರಡೂ ಸುಲಭದ ದಾರಿಗಳೇ. ಪಶ್ಚಾತ್ತಾಪ ಕೇಳದೆ ಕ್ಷಮಿಸಿದರೆ ಪಾಪ ಹಗುರವಾಗುತ್ತದೆ. ಪಶ್ಚಾತ್ತಾಪ ಪಟ್ಟವರನ್ನೂ ಹೊರಗಿಟ್ಟರೆ ಶಿಲುಬೆಯೇ ಹಗುರವಾಗುತ್ತದೆ.

251ರಲ್ಲಿ ಸಿಪ್ರಿಯನ್ ಕರೆದ ಸಮಾವೇಶವು ಪ್ರತಿಯೊಬ್ಬರ ವಿಷಯವನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕೆಂದು ತೀರ್ಮಾನಿಸಿತು. ಚೀಟಿ ಮಾತ್ರ ಕೊಂಡವರನ್ನು ವಿಚಾರಣೆಯ ನಂತರ ಸೇರಿಸಿಕೊಳ್ಳಬಹುದು. ಬಲಿ ಅರ್ಪಿಸಿದವರು ದೀರ್ಘ ಪ್ರಾಯಶ್ಚಿತ್ತ ಮಾಡಬೇಕು. ಸಾವಿನ ಹಾಸಿಗೆಯಲ್ಲಿದ್ದರೆ ಅವರಿಗೆ ಸಮಾಧಾನ ನೀಡಬೇಕು. ಕೊರ್ನೇಲಿಯುಸ್‌ರವರೂ ರೋಮಿನಲ್ಲಿ ಇದೇ ದಾರಿ ಹಿಡಿದರು. ಮುಂದೆ ಮತ್ತೊಂದು ಹಿಂಸೆಯ ಮೋಡ ಕವಿದಾಗ, ಪ್ರಾಯಶ್ಚಿತ್ತ ಮಾಡುತ್ತಿದ್ದವರೆಲ್ಲರನ್ನೂ ಆಫ್ರಿಕಾದ ಧರ್ಮಾಧ್ಯಕ್ಷರು ಸೇರಿಸಿಕೊಂಡರು. ಹೋರಾಟಕ್ಕೆ ಹೊರಡುವವರನ್ನು ಕ್ರಿಸ್ತನ ಶರೀರ ಮತ್ತು ರಕ್ತದ ಬಲವಿಲ್ಲದೆ ಕಳುಹಿಸಬಾರದೆಂಬುದೇ ಅವರ ಕಾಳಜಿಯಾಗಿತ್ತು.

ರೋಗದ ನಡುವೆ, ಕತ್ತಿಯ ಮುಂದೆ

ಅದೇ ವರ್ಷಗಳಲ್ಲಿ ಭೀಕರ ಸಾಂಕ್ರಾಮಿಕ ರೋಗವೊಂದು ಸಾಮ್ರಾಜ್ಯವನ್ನು ಆವರಿಸಿತು. ಸ್ವಂತ ಮನೆಯವರನ್ನೇ ಬೀದಿಗೆ ಬಿಟ್ಟು ಜನ ಓಡುತ್ತಿದ್ದರು. ನಮ್ಮವರನ್ನಷ್ಟೇ ಪ್ರೀತಿಸಿದರೆ ಅದರಲ್ಲಿ ವಿಶೇಷವೇನು ಎಂದು ಸಿಪ್ರಿಯನ್ ತಮ್ಮ ಜನರಿಗೆ ಬೋಧಿಸಿದರು. ಹಣವಿದ್ದವರು ಹಣದಿಂದ, ಇಲ್ಲದವರು ದುಡಿಮೆಯಿಂದ, ಹಿಂಸಿಸಿದವರಿಗೂ ಸೇವೆ ಸಲ್ಲಿಸಿದರೆಂದು ಅವರ ಸೇವಾದರ್ಶಿ ಪೊಂಸಿಯುಸ್ ದಾಖಲಿಸಿದ್ದಾರೆ.

ಕೊರ್ನೇಲಿಯುಸ್ 253ರಲ್ಲಿ ಗಡೀಪಾರಾದ ಊರಿನಲ್ಲೇ ಮೃತರಾದರು. ಚಕ್ರವರ್ತಿ ವಲೇರಿಯನ್‌ನ ಕಾಲದಲ್ಲಿ, 258ರ ಸೆಪ್ಟೆಂಬರ್ 14ರಂದು ಸಿಪ್ರಿಯನ್‌ರವರಿಗೆ ಮರಣದಂಡನೆ ವಿಧಿಸಲಾಯಿತು. ತೀರ್ಪನ್ನು ಕೇಳಿ ಅವರು ದೇವರಿಗೆ ವಂದನೆ ಹೇಳಿದರು. ತಮ್ಮ ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಿಸಿದರು. ಎಂಟು ವರ್ಷಗಳ ಹಿಂದೆ ಓಡಿಹೋದನೆಂದು ಆಕ್ಷೇಪಿಸಲ್ಪಟ್ಟವರು ಈ ಸಲ ಓಡಲಿಲ್ಲ.

ನಮ್ಮ ಮುಂದಿರುವ ಪ್ರಶ್ನೆ

ಪ್ರಿಯರೇ, ಆದಿ ಧರ್ಮಸಭೆಯಲ್ಲಿ ಎಲ್ಲರೂ ವೀರರಾಗಿದ್ದರೆಂದು ನಾವು ಭಾವಿಸುತ್ತೇವೆ. ಹಾಗಿರಲಿಲ್ಲ. ಅಲ್ಲಿ ಬಿದ್ದವರೂ ಬಹಳ ಮಂದಿ ಇದ್ದರು. ಸಭೆ ಉಳಿದದ್ದು ಬೀಳದವರಿಂದ ಮಾತ್ರವಲ್ಲ, ಎದ್ದು ಬಂದವರಿಂದಲೂ ಹೌದು. ನಾವು ಇಂದು ಪಾಪನಿವೇದನೆಗೆ ಮೊಣಕಾಲೂರುವಾಗ ಆ ಇಬ್ಬರು ಕುರುಬರು ಕಾಪಾಡಿದ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದೇವೆ.

ನಮ್ಮ ಧರ್ಮಕೇಂದ್ರಗಳಲ್ಲೂ ವರ್ಷಗಟ್ಟಲೆ ದೇವಾಲಯದ ಕಡೆ ಬಾರದ ಕುಟುಂಬಗಳಿವೆ. ಯಾವುದೋ ತಪ್ಪು, ಯಾವುದೋ ಅವಮಾನ, ಯಾರೋ ಆಡಿದ ಮಾತು ಅವರನ್ನು ದೂರವಿಟ್ಟಿರಬಹುದು. ಅವರು ಒಂದು ಭಾನುವಾರ ಹಿಂದಿನ ಬೆಂಚಿನಲ್ಲಿ ಬಂದು ಕುಳಿತಾಗ ನಾವು ತಿರುಗಿ ನೋಡಿ ಪಿಸುಗುಟ್ಟುತ್ತೇವೆಯೋ, ಸರಿದು ಜಾಗ ಕೊಡುತ್ತೇವೆಯೋ? ನೊವಾಸಿಯನ್‌ನ ಬುದ್ಧಿ ನಮ್ಮೊಳಗೂ ಇರಬಹುದು. ಮೂರು ಸಲ ನಿರಾಕರಿಸಿದ ಪೇತ್ರನಿಗೇ ತನ್ನ ಕುರಿಗಳನ್ನು ಒಪ್ಪಿಸಿದ ಯೇಸುಸ್ವಾಮಿ, ಈ ಸಂತರ ಬೇಡಿಕೆಯ ಮೂಲಕ ಕರುಣೆಯ ಹೃದಯವನ್ನು ನಮಗೆ ದಯಪಾಲಿಸಲಿ. ಆಮೆನ್.